ಉಜ್ಜೋ ಫೋನು, ಒತ್ತೋ ಫೋನು

ನಂಬಬೇಡಿ. ಈಗಲೇ ಹೇಳಿಬಿಡ್ತೀನಿ, ನಾನು ಹೇಳೋದರಲ್ಲಿ ಒಂದಕ್ಷರವನ್ನೂ ನಂಬಬೇಡಿ. ಆಮೇಲೆ ಹಾರೋಹಳ್ಳಿಗೆ ಬಂದು, ಮುಚ್ಚಳದ ಕಾರ್ಖಾನೆ ಎಲ್ಲಿ ಅಂತ ಕೇಳಿಕೊಂಡು, ಗೇಟಿನಲ್ಲಿ ಕೂತಿರೋ ಸೆಕ್ಯೂರಿಟಿಯನ್ನು ವಿಚಾರಿಸಿ, ತಲೆ ತಗ್ಗಿಸಿಕೊಂಡು ವಾಪಸ್ ಹೋಗಿ. ಇಂಥವೆಲ್ಲ ಇವನೊಬ್ಬನಿಗೇ ಯಾಕೆ ಆಗುತ್ತವೆ ಅಂತ ನಮ್ಮೂರಲ್ಲಿ ಬಹಳ ಜನಕ್ಕೆ ಹೊಟ್ಟೆಯುರಿ. ಆಗುತ್ತವೆ. ಒಂದು ಮುಗಿಯೋ ಹೊತ್ತಿಗೆ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಅದಕ್ಕೆ ನಾನೇನು ಮಾಡಲಿ?

ಮುಚ್ಚಳದ ಬೆಳೆ

ನಮ್ಮ ತಾತ ರಾಗಿ ಬೆಳೆದ ಜಾಗದಿಂದ ಕೂಗಳತೆ ದೂರದಲ್ಲಿ ನಾನು ಮುಚ್ಚಳ ಬೆಳೆಯುತ್ತಿದ್ದೆ. ಹೊಲಗಳೆಲ್ಲ ಕೈಗಾರಿಕಾ ಪ್ರದೇಶವಾದ ಮೇಲೆ ಎದ್ದ ಶೆಡ್ಡುಗಳಲ್ಲಿ ನಮ್ಮದೂ ಒಂದು. ಕೆಮ್ಮಿನ ಔಷಧಿ ಮಾಡೋರು ಬೇರೆ, ಬಾಟಲಿ ಮಾಡೋರು ಬೇರೆ, ಕೆಮ್ಮೋರು ಇನ್ನೂ ಬೇರೆ. ನಾವು ಬರೀ ಮುಚ್ಚಳ. ಆದರೆ ನಮ್ಮ ಮ್ಯಾನೇಜರ್ ಮೀಟಿಂಗಿನಲ್ಲಿ ಮಾತಾಡೋದು ಕೇಳಿದರೆ, ನಾವು ಒಂದು ಪಾಳಿ ಕೈಬಿಟ್ಟರೆ ದೇಶದ ಔಷಧಿಯೆಲ್ಲ ಚೆಲ್ಲಿಹೋಗುತ್ತದೆ ಅನ್ನಿಸಬೇಕು.

ಅಂಥದೊಂದು ಮೀಟಿಂಗಿನಲ್ಲಿ ಅವರು ಹೇಳಿದರು: ಈ ಸಲ ಆಯುಧಪೂಜೆಗೆ ವರ್ಷದ ಅತ್ಯುತ್ತಮ ಕೆಲಸಗಾರನಿಗೆ ಒಂದು ಸ್ಮಾರ್ಟ್‌ಫೋನು, ಬೆಂಗಳೂರಿನಿಂದ ಮಾಲೀಕರೇ ಬಂದು ಕೈಯಾರೆ ಕೊಡುತ್ತಾರೆ. ಹೇಳಿ ನನ್ನ ಹೆಸರು ಓದಿದರು. ವರ್ಷವಿಡೀ ನಿಲ್ಲದೆ ಓಡಿದ ಮಿಷನ್ ನನ್ನದೊಂದೇ. ಅದಕ್ಕೆ ಕಾರಣ ನನ್ನ ಕೈಗುಣ. ಉಳಿದವರು ಮಿಷನ್ ಹೊಸದು ಅನ್ನುತ್ತಾರೆ, ಅನ್ನಲಿ.

ಆಗ ನನ್ನ ಹತ್ತಿರ ಇದ್ದದ್ದು ಬೆನ್ನು ಬಿಟ್ಟುಕೊಂಡ ಫೋನು. ರಬ್ಬರ್ ಬ್ಯಾಂಡ್ ಸುತ್ತಿದರೆ ಮಾತಾಡುತ್ತಿತ್ತು, ಬಿಚ್ಚಿದರೆ ಮೂರು ಭಾಗವಾಗುತ್ತಿತ್ತು. ಅದನ್ನೇ ಹಿಡಿದು ಆವತ್ತು ಸಂಜೆಯೊಳಗೆ ಊರಿಗೆಲ್ಲ ಹೇಳಿಬಿಟ್ಟೆ, ಹಬ್ಬಕ್ಕೆ ನನ್ನ ಕೈಯಲ್ಲಿ ಎಂಥ ಫೋನಿರುತ್ತೆ ನೋಡ್ರಲಾ ಅಂತ. ಇನ್ನು ಬರಿಗೈಲಿ ಊರೊಳಗೆ ಕಾಲಿಡುವ ಹಾಗಿರಲಿಲ್ಲ.

ಮಾರನೇ ದಿನ ಮ್ಯಾನೇಜರ್ ಕರೆದರು. "ರಾಮನಗರದ ಅಂಗಡೀಲಿ ಎರಡು ಥರದ್ದು ಎತ್ತಿಡಿಸಿದ್ದೀನಿ. ನೋಡಿ ಒಂದು ಆರಿಸು. ಪೂಜೆ ಮುಗಿಯೋದ್ರೊಳಗೆ ಹೇಳಬೇಕು, ಇಲ್ಲಾಂದ್ರೆ ಎರಡೂ ವಾಪಸ್."

"ಒಂದು ನಿಮಿಷದ ಕೆಲಸ ಸಾರ್."

"ನಿನಗಾ? ಅನ್ನನಾ ಮುದ್ದೆನಾ ಅಂತ ನಿನ್ನ ಕೇಳಿದ್ರೆ ಕ್ಯಾಂಟೀನ್ ಕ್ಯೂ ಗೇಟಿನ ತನಕ ಬೆಳೆಯುತ್ತೆ!"

ಅಂಗಡಿಯವನ ತೀರ್ಪು

ಅಂಗಡಿಯವನು ಎರಡನ್ನೂ ಗಾಜಿನ ಮೇಲೆ ಇಟ್ಟ. ಒಂದರ ಮುಖ ಪೂರ್ತಿ ಗಾಜು, ಬೆರಳಲ್ಲಿ ಉಜ್ಜಿದರೆ ಚಿತ್ರ ಜಾರುತ್ತಿತ್ತು. ಆಗಷ್ಟೇ ನಮ್ಮ ಕಡೆ ಕಾಲಿಟ್ಟಿದ್ದ ಮಾಲು. ಇನ್ನೊಂದಕ್ಕೆ ಅರ್ಧ ಮೈ ಗುಂಡಿ, ಸಾಲುಸಾಲಾಗಿ ಅಕ್ಷರ, ಒತ್ತಬೇಕು.

"ಇದು ತಗೊಳ್ಳಿ ಅಣ್ಣಾ," ಅಂತ ಉಜ್ಜೋದನ್ನು ಎತ್ತಿ ಹಿಡಿದ. "ಫೋಟೊ ತೆಗೆದ್ರೆ ಮೂಗಿನ ಮೇಲಿನ ಬೆವರೂ ಕಾಣುತ್ತೆ."

"ಬ್ಯಾಟ್ರಿ?"

"ಬೆಳಿಗ್ಗೆ ಚೆನ್ನಾಗಿರುತ್ತೆ."

"ಸಂಜೆ?"

"ಸಂಜೆ ನೀವು ಮನೇಲಿರ್ತೀರಲ್ಲ ಅಣ್ಣಾ, ಮಾತಾಡೋಕೆ ಮನೆಯವರೇ ಸಿಗ್ತಾರೆ."

"ಸರಿ, ಇದು?"

"ಇದರ ಬ್ಯಾಟ್ರಿ ಕೇಳಲೇಬೇಡಿ, ನೀವು ಸುಸ್ತಾದ್ರೂ ಅದು ಸುಸ್ತಾಗಲ್ಲ. ಸ್ಪೀಕರ್ ಹಾಕಿದ್ರೆ ರೇಷ್ಮೆಗೂಡಿನ ಮಾರ್ಕೆಟ್ ಗಲಾಟೇಲೂ ಕೇಳ್ಸುತ್ತೆ."

"ಫೋಟೊ?"

"ಅಣ್ಣಾ, ಕಣ್ಣೆದುರಿಗೆ ಕಾಣ್ತಾ ಇರೋದನ್ನ ಫೋಟೊ ಯಾಕೆ ತೆಗೀಬೇಕು ಹೇಳಿ?"

ಒಂದರಲ್ಲಿ ಇರೋದು ಇನ್ನೊಂದರಲ್ಲಿ ಇಲ್ಲ. ಮಾಡಿದ ಕಂಪನಿಯವರು ನನ್ನನ್ನು ಗೋಳಾಡಿಸಬೇಕು ಅಂತಲೇ ಹಂಚಿಕೊಂಡ ಹಾಗಿತ್ತು. "ನಿಮ್ಮ ಮ್ಯಾನೇಜರ್ ಬೇಕಾದವರು, ರಜೆ ದಿನ ಎರಡನ್ನೂ ಮನೆಗೊಯ್ದು ನೋಡಿ," ಅಂದ. ಹೊರಡುವ ಮುಂಚೆ ಕೊನೆಯದಾಗಿ ಕೇಳಿದೆ, "ಇಷ್ಟು ತಿಳಿದೋನು ನೀನು ಯಾವುದು ಇಟ್ಟಿದ್ದೀಯಪ್ಪ?"

ಒಸಿ ನಾಚಿಕೊಂಡೇ ಜೇಬಿಗೆ ಕೈಹಾಕಿದ. ಅವನ ಫೋನಿಗೂ ರಬ್ಬರ್ ಬ್ಯಾಂಡು. ನನ್ನದಕ್ಕಿಂತ ಒಂದು ಜಾಸ್ತಿ.

ಅವ್ವನ ಬೆರಳು

ನಮ್ಮವ್ವ ಹುಳದ ಮನೆ ಬಾಗಿಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. "ಅವ್ವ, ಒಸಿ ಇದ ಉಜ್ಜು," ಅಂತ ಗಾಜಿನ ಫೋನು ಹಿಡಿದೆ. ಸೆರಗಿಗೆ ಕೈ ಒರೆಸಿಕೊಂಡು ಉಜ್ಜಿದಳು. ಫೋನಿಗೆ ಗೊತ್ತೇ ಆಗಲಿಲ್ಲ. ವರ್ಷಾನುಗಟ್ಟಲೆ ಸೊಪ್ಪು ಕೊಯ್ದು ಜಡ್ಡುಗಟ್ಟಿದ ಬೆರಳು ಅದು.

"ಗಟ್ಟಿಯಾಗಿ ಉಜ್ಜವ್ವ."

ಉಜ್ಜಿದಳು. ಇನ್ನೂ ಉಜ್ಜಿದಳು. "ಒಸಿ ಹುಣಸೇಹಣ್ಣು ತತ್ತೀಯೇನ್ಲಾ?" ಅಂದಳು.

"ಅವ್ವ, ಅದು ಚೊಂಬಲ್ಲ!"

"ಮತ್ತೆ ಏಳಾಕಿಲ್ವಲ್ಲ! ನಿಮ್ಮಪ್ಪನ್ನೂ ಸೇರ್ಸಿ, ಈ ಮನೇಲಿ ನಾನು ಮುಟ್ಟುದ್ರೆ ಏಳ್ದೇ ಇರೋದು ಇದೊಂದೇ ಕಣ್ಲಾ."

ಒತ್ತೋದನ್ನು ಕೊಟ್ಟೆ. ಯಾವ ಗುಂಡಿ ಒತ್ತಿದಳೋ, ಅಂಗಡಿಯವನು ತುಂಬಿಸಿದ್ದ ಭಜನೆಯೊಂದು ಸ್ಪೀಕರಿನಲ್ಲಿ ಬೊಬ್ಬೆ ಹಾಕಿತು. ಸೊಪ್ಪಿನ ಮಂಕರಿ ಉರುಳಿತು. "ಆರ್ಸ್ಲಾ ಅದ! ಹುಳ ಜ್ವರಕ್ಕೆ ಕೂತವೆ, ಬೆದರ್ಕತ್ತವೆ!" ರೇಷ್ಮೆಹುಳ ಪೊರೆ ಬಿಡುವ ಮುಂಚೆ ಅಲ್ಲಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆ ಹೊತ್ತಿನಲ್ಲಿ ನಮ್ಮ ಮನೆಯಲ್ಲಿ ಕೆಮ್ಮುವುದಕ್ಕೂ ಅವ್ವನ ಅಪ್ಪಣೆ ಬೇಕು. ಆರಿಸೋ ಗುಂಡಿ ಯಾವುದು ಅಂತ ನನಗೇ ತಿಳಿಯದೆ ಎಲ್ಲವನ್ನೂ ಒತ್ತುತ್ತಿದ್ದೆ.

ಹುಳ ಬೆದರಲಿಲ್ಲ. ಜಗಲಿ ಮೇಲೆ ಮಲಗಿದ್ದ ಅಪ್ಪ ದಡಕ್ಕನೆ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು, ಮುಖ ಸಪ್ಪಗೆ ಮಾಡಿಕೊಂಡು ಕೇಳಿದ, "ಯಾರ್ ಹೋದ್ರಲಾ?"

ಮಾವನ ಪರೀಕ್ಷೆ

ಅಕ್ಕೂರಿನ ನಮ್ಮ ಸೋದರಮಾವ ಎತ್ತು ಆರಿಸುವುದರಲ್ಲಿ ಹೆಸರುವಾಸಿ. ಅವನು ಬೇಡ ಅಂದ ಎತ್ತನ್ನು ಸುತ್ತಮುತ್ತ ಯಾರೂ ಕೊಳ್ಳುವುದಿಲ್ಲ. ಅವನು ಬೇಕು ಅಂದ ಎತ್ತನ್ನು ಅಷ್ಟರಲ್ಲಿ ಅವನೇ ಕೊಂಡಿರುತ್ತಾನೆ. ಬುದ್ಧಿವಂತ ಅಂದರೆ ಹೀಗಿರಬೇಕು ಅಂತ ಅದೇ ಮಧ್ಯಾಹ್ನ ಬೈಕು ಹತ್ತಿ ಹೋದೆ. ಕೊಟ್ಟಿಗೆ ಮುಂದೆ ಗೋಣಿಚೀಲ ಹಾಸಿ ಎರಡೂ ಫೋನು ಇಟ್ಟೆ. ಮಾವ ಮುಟ್ಟಲಿಲ್ಲ. ಸುತ್ತ ಒಂದು ಸುತ್ತು ಬಂದ.

"ನಿಲ್ಸು, ನೋಡಾನ."

"ನಿಲ್ಸೋಕಾಗಲ್ಲ ಮಾವ, ಮಲಗೇ ಇರ್ತವೆ."

"ಮಲಗೋ ಮಾಲು ಯಾಕ್ಲಾ ತಂದೆ?"

ಆಮೇಲೆ ಕುಕ್ಕರುಗಾಲಲ್ಲಿ ಕೂತು ಒತ್ತೋ ಫೋನಿನ ಗುಂಡಿಗಳ ಮೇಲೆ ಹೆಬ್ಬೆರಳು ಆಡಿಸಿದ. "ಹಲ್ಲೆಲ್ಲ ಬಂದವೆ. ಇದು ವಯಸ್ಸಾದ ಮಾಲು." ಉಜ್ಜೋದರಲ್ಲಿ ಹಲ್ಲು ಹುಡುಕಿ ಸಿಗದೆ, "ಇದು ಇನ್ನೂ ಕರ, ಹಾಲೇ ಬಿಟ್ಟಿಲ್ಲ," ಅಂದ. ತಿರುಗಿಸಿ ಬೆನ್ನು ನೋಡಿದ. ಕ್ಯಾಮೆರಾ ಗಾಜು ಕಂಡಿತು. ಮುಖ ಸಿಂಡರಿಸಿದ. "ಥೂ! ಬೆನ್ನ ಮ್ಯಾಲೆ ಸುಳಿ ಐತಲ್ಲೋ! ಮನೆಗಾಗಲ್ಲ ಇದು."

ಸುಳಿ ಅಲ್ಲ ಮಾವ ಅನ್ನುವಷ್ಟರಲ್ಲಿ ಅದರ ಬ್ಯಾಟ್ರಿ ಮುಗಿದು ಮುಖ ಕಪ್ಪಾಯಿತು. "ನೋಡ್ದಾ? ನಾನು ನೋಡ್ತಿದ್ದಂಗೇ ಮಲ್ಕಬುಡ್ತು! ನೊಗ ಕಂಡ್ರೇ ಮಲಗೋ ಜಾತಿ."

"ಹಂಗಾದ್ರೆ ಇದು ಇಟ್ಕಳಾನಾ?" ಅಂತ ಒತ್ತೋದರಲ್ಲಿ ಹಾಡು ಹಾಕಿದೆ. ಕೊಟ್ಟಿಗೆಯ ಎತ್ತು ಹಗ್ಗ ಜಗ್ಗಿತು.

"ಇಷ್ಟು ಕೂಗೋದು ಕೆಲ್ಸ ಮಾಡ್ತದಾ? ನಿನ್ನಂಗೇ ಕಣ್ಲಾ ಇದು," ಅಂದವನೇ, ಹೆಗಲ ಟವೆಲ್ ತೆಗೆದು ನನ್ನ ಕೈ ಮೇಲೆ ಹೊದಿಸಿ, ಒಳಗೆ ನನ್ನ ಬೆರಳು ಒತ್ತತೊಡಗಿದ. ದನದ ವ್ಯಾಪಾರದಲ್ಲಿ ಪಕ್ಕದವರಿಗೆ ತಿಳಿಯದ ಹಾಗೆ ಬೆಲೆ ಹೇಳುವುದು ಹೀಗೆ.

"ಮಾವ, ಮಾರೋಕೆ ತಂದಿಲ್ಲ! ಎರಡರಲ್ಲಿ ಯಾವ್ದು ಇಟ್ಕಳಾನ ಅಂತ ಕೇಳಕ್ಕೆ ಬಂದೆ."

ಮಾವ ಕನಿಕರದಿಂದ ನನ್ನ ಮುಖ ನೋಡಿದ. "ಎರಡ್ನೂ ತಳ್ಳಿ ಒಂದು ಹಸ ಕಟ್ಕೊ ಅಳಿಯ. ಅದೂ ಕೂಗ್ತದೆ, ಅದನ್ನೂ ಮೈ ಉಜ್ಬೋದು. ಮೇಲಾಗಿ ಸಗಣಿ ಹಾಕ್ತದೆ."

ಎರಡು ಪಾರ್ಟಿ

ರಜೆ ಮುಗಿಸಿ ಎರಡೂ ಫೋನನ್ನು ಡಬ್ಬದ ಸಮೇತ ಮ್ಯಾನೇಜರ್ ಮೇಜಿನ ಮೇಲೆ ಇಟ್ಟು, ನಾನು ಕೂಲಂಕಷವಾಗಿ ಯೋಚನೆ ಮಾಡುತ್ತಿರುವುದಾಗಿ ತಿಳಿಸಿದೆ. ಅಷ್ಟರಲ್ಲಿ ಕಾರ್ಖಾನೆ ನನ್ನ ಪರವಾಗಿ ಯೋಚನೆ ಶುರು ಮಾಡಿತ್ತು.

ಪ್ಯಾಕಿಂಗಿನಲ್ಲಿ ಒಬ್ಬ ಚನ್ನಪಟ್ಟಣದವನಿದ್ದ, ಅವರ ಮನೆಯಲ್ಲಿ ಬೊಂಬೆಗೆ ಬಣ್ಣ ಹಾಕುತ್ತಾರೆ. "ಬಣ್ಣ ಕಾಣದ ಫೋನು ಫೋನೇನ್ಲಾ? ಉಜ್ಜೋದೇ ತಗೊ," ಅಂದ. ಫಿಟ್ಟರ್ ಮಾಗಡಿಯವನು. "ಬಣ್ಣ ನೆಕ್ತೀಯಾ? ಈ ಮಿಷನ್ ಸದ್ದಲ್ಲಿ ಹಾಡು ಕೇಳ್ಬೇಕು ಅಂದ್ರೆ ಒತ್ತೋದೇ," ಅಂದ. ಮಧ್ಯಾಹ್ನದ ಹೊತ್ತಿಗೆ ಕ್ಯಾಂಟೀನಿನಲ್ಲಿ ಉಜ್ಜೋ ಪಾರ್ಟಿ ಕಿಟಕಿ ಪಕ್ಕ, ಒತ್ತೋ ಪಾರ್ಟಿ ಸಿಂಕಿನ ಪಕ್ಕ. ಅವರು ಸಾಂಬಾರ್ ಬಕೆಟ್ ಇವರಿಗೆ ಕೊಡರು, ಇವರು ಉಪ್ಪು ಅವರಿಗೆ ಕೊಡರು. ಫೋನು ಯಾರದ್ದು ಅನ್ನೋದು ಇಬ್ಬರಿಗೂ ಮರೆತುಹೋಗಿತ್ತು.

ನನ್ನನ್ನು ಮಾತ್ರ ಮರೆಯಲಿಲ್ಲ. ಕಿಟಕಿ ಪಕ್ಕದಿಂದ ವಡೆ ಬಂದರೆ ಸಿಂಕಿನ ಪಕ್ಕದಿಂದ ಬೋಂಡ ಬರುತ್ತಿತ್ತು. ಬೋಂಡ ತಿನ್ನುತ್ತಾ ವಡೆ ಕಡೆ ನೋಡಿದರೆ ಟೀ ಬರುತ್ತಿತ್ತು. ಇಂಥ ಕಾಲದಲ್ಲಿ ಆರಿಸೋನು ದಡ್ಡ.

"ಆರಿಸಿದ್ಯೇನಪ್ಪಾ?" ಅಂತ ಮ್ಯಾನೇಜರ್ ದಿನಾ ಕೇಳುತ್ತಿದ್ದರು.

"ಪರಿಶೀಲನೆಯಲ್ಲಿದೆ ಸಾರ್," ಅನ್ನುತ್ತಿದ್ದೆ, ತುಟಿ ಒರೆಸಿಕೊಂಡು. ಹಬ್ಬದ ತನಕ ಊಟದ ಕ್ಯೂನಲ್ಲಿ ನಿಲ್ಲಲೇ ಇಲ್ಲ. ನಮ್ಮೂರ ಜನ ಯಾಕೆ ಎಲೆಕ್ಷನ್ ಬೇಕು ಬೇಕು ಅಂತಾರೆ ಅನ್ನೋದು ಅರ್ಥವಾಯಿತು.

ಆಯುಧಪೂಜೆ

ಹಬ್ಬದ ದಿನ ಮಿಷನ್ನಿಗೆಲ್ಲ ಬಾಳೆಕಂದು, ಚೆಂಡುಹೂವು, ಅರಿಶಿನ ಕುಂಕುಮ. ಮ್ಯಾನೇಜರ್ ಒಂದು ಸ್ಟೀಲ್ ತಟ್ಟೆಯಲ್ಲಿ ಎರಡೂ ಫೋನು ತಂದು ನನ್ನ ಮಿಷನ್ ಮುಂದೆ ಇಟ್ಟರು. "ಮಾಲೀಕರು ಬರೋ ಹೊತ್ತಾಯ್ತು, ಗೇಟಿಗೆ ಹೋಗಿಬರ್ತೀನಿ. ಅಷ್ಟರಲ್ಲಿ ಬಾಯಿ ಬಿಡು ಮಾರಾಯ," ಅಂತ ಓಡಿದರು.

ಚನ್ನಪಟ್ಟಣದವನು ನಿಧಾನಕ್ಕೆ ಬಂದ. "ಫೋನೂ ಆಯುಧಾನೇ ಅಲ್ವಾ?" ಅಂತ ಉಜ್ಜೋ ಫೋನಿನ ಗಾಜಿಗೆ ಕುಂಕುಮದ ಬೊಟ್ಟಿಟ್ಟ. ತಿರುಗಿಸಿ, ದೃಷ್ಟಿಯಾಗದಿರಲಿ ಅಂತ ಕ್ಯಾಮೆರಾ ಕಣ್ಣಿಗೂ ಮೆತ್ತಿದ.

ಮಾಗಡಿ ಫಿಟ್ಟರ್ ಬಿಟ್ಟಾನೆಯೇ? ಒತ್ತೋ ಫೋನಿಗೆ ವಿಭೂತಿ ಪಟ್ಟೆ ಎಳೆದ. ಗುಂಡಿಗಳ ಸಂದಿಗೆಲ್ಲ ಇಳಿಯುವ ಹಾಗೆ ತಿಕ್ಕಿದ. ಸ್ಪೀಕರಿಗೆ ಗಂಧ ತುಂಬಿದ.

ಅವರು ಒಂದು ಮೊಳ ಹೂವು ಮುಡಿಸಿದರೆ ಇವರು ಮಾರು ಹೂವು ಸುತ್ತಿದರು. ಇವರು ಅರಿಶಿನದ ನೀರು ಚಿಮುಕಿಸಿದರೆ ಅವರು ಚೊಂಬೇ ಬಗ್ಗಿಸಿದರು. ಆಮೇಲೆ ಕಾಯಿ ಬಂತು. ಉಜ್ಜೋ ಪಾರ್ಟಿ ಕಾಯಿ ಒಡೆದು ನೀರನ್ನು ತಮ್ಮ ಫೋನಿನ ಮೇಲೆ ಬಿಟ್ಟಿತು. ಒತ್ತೋ ಪಾರ್ಟಿ ಎರಡು ಕಾಯಿ ಒಡೆಯಿತು.

ತಡೆಯಬಹುದಿತ್ತು ಅಂತೀರಾ? ನಿಮ್ಮ ಫೋನಿಗೆ ಯಾವತ್ತಾದರೂ ಕಾರ್ಖಾನೆಯವರೆಲ್ಲ ಸೇರಿ ಅಭಿಷೇಕ ಮಾಡಿದ್ದಾರಾ? ನಾನು ಎದೆಯುಬ್ಬಿಸಿ ಕೈಮುಗಿದುಕೊಂಡು ನಿಂತಿದ್ದೆ. ಆಗ ಯಾರೂ ಮುಟ್ಟದೆ ಒತ್ತೋ ಫೋನು ತಾನೇ ಭಜನೆ ಶುರುಮಾಡಿತು. ಮೊದಲ ಸಾಲನ್ನು ಕುಡಿದವನ ಹಾಗೆ ಎಳೆದು ಎಳೆದು, ಗೊರಗೊರ ಅಂದು ನಿಂತಿತು. ಉಜ್ಜೋ ಫೋನು ಒಮ್ಮೆ ಬೆಳ್ಳಗೆ ಬೆಳಗಿ ಆರಿತು.

"ದೇವ್ರು ಒಪ್ಕಂಡ ಕಣ್ರಲಾ!" ಅಂತ ಎರಡೂ ಪಾರ್ಟಿ ಮೊದಲ ಸಲ ಒಟ್ಟಿಗೆ ಜೈಕಾರ ಹಾಕಿತು.

ಮಾಲೀಕರು ಒಳಗೆ ಬಂದರು. ಅವರು ಬಾಗಿಲ ಬಳಿಯ ಮಿಷನ್ನಿಗೆ ಕೈಮುಗಿಯುವಷ್ಟರಲ್ಲಿ ಮ್ಯಾನೇಜರ್ ಮುಂದೆ ಬಂದು ಹೂವು ಸರಿಸಿದರು. ತಟ್ಟೆಯಲ್ಲಿ ಕಾಯಿನೀರು ನಿಂತಿತ್ತು, ಅದರೊಳಗೆ ಎರಡು ಫೋನು ತೇಲದೆ ಮುಳುಗದೆ ಕೂತಿದ್ದವು.

"ಇದೇನೋ ಇದು?" ಅಂತ ಮ್ಯಾನೇಜರ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು.

"ಪೂಜೆ ಸಾರ್."

ಆದರೆ ಮ್ಯಾನೇಜರ್ ಮ್ಯಾನೇಜರೇ. ತಟ್ಟೆಯನ್ನು ಮಿಷನ್ ಹಿಂದಕ್ಕೆ ತಳ್ಳಿ, ಓಡಿಹೋಗಿ ತಮ್ಮ ಬೀರುವಿನಿಂದ ಫೋನಿನ ಎರಡು ಡಬ್ಬ ತಂದು ಮಾಲೀಕರ ಕೈಗಿಟ್ಟರು. ಮಾಲೀಕರಿಗೆ ಏನೂ ತಿಳಿಯದು. ಎರಡೂ ಡಬ್ಬ ಎತ್ತಿ ಹಿಡಿದು ಮೈಕಿನಲ್ಲಿ ಕೇಳಿದರು, "ಹೇಳಪ್ಪ, ಯಾವುದು ಬೇಕು?"

ಬಲಕ್ಕೆ ಉಜ್ಜೋ ಪಾರ್ಟಿ, ಎಡಕ್ಕೆ ಒತ್ತೋ ಪಾರ್ಟಿ, ಉಸಿರು ಬಿಗಿಹಿಡಿದು ನಿಂತಿವೆ. ತಿಂದ ವಡೆ ಒಂದು ಕಡೆ ನೋಡುತ್ತಿದೆ, ಬೋಂಡ ಒಂದು ಕಡೆ. ಯಾವುದರ ಹೆಸರು ಹೇಳಿದರೂ ಇನ್ನೊಂದು ಪಾರ್ಟಿ ನನ್ನನ್ನು ಗೇಟು ದಾಟಲು ಬಿಡುವುದಿಲ್ಲ. ಆದರೂ ನಾನು ಯಾರು? "ತಮ್ಮ ಕೈಯಿಂದ ಯಾವುದು ಬಂದರೂ ನನಗೆ ಪ್ರಸಾದ ಸಾರ್," ಅಂದೆ.

ಮಾಲೀಕರ ಕಣ್ಣು ಒದ್ದೆಯಾಯಿತು. "ಇಂಥ ವಿನಯ ಇರೋ ಹುಡುಗನಿಗೆ ಒಂದು ಯಾಕೆ? ಎರಡೂ ತಗೊ!" ಚಪ್ಪಾಳೆ. ಫೋಟೊ. ಎರಡೂ ಪಾರ್ಟಿ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕುಣಿಯಿತು.

ಮಾಲೀಕರ ಕಾರು ಗೇಟು ದಾಟಿದ ಮೇಲೆ ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. ನೆನೆದ ಫೋನುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡಿದ್ದರು, ಅಂಗಡಿಯವನ ಕಾಲಿಗೆ ಬೀಳಲು ರಾಮನಗರಕ್ಕೆ ಹೊರಟಿದ್ದರು.

"ಸಾರ್, ಮತ್ತೆ ನನ್ನ ಡಬ್ಬದಲ್ಲಿ?"

"ಬಿಚ್ಚಿ ನೋಡು. ಈ ಸಲ ಆರಿಸೋ ಕಷ್ಟ ಇಲ್ಲ, ಎರಡೂ ನಿಂದೇ."

ಊರಿಗೆ ಹೋಗಿ ಎರಡೂ ಡಬ್ಬವನ್ನು ಅರಳಿಕಟ್ಟೆ ಮೇಲೆ ಎಲ್ಲರಿಗೂ ತೋರಿಸಿದೆ. ಹೊಸದು, ಕೈ ಹಾಕಬೇಡ್ರಲಾ ಅಂತ ಯಾರಿಗೂ ಬಿಚ್ಚೋಕೆ ಬಿಡಲಿಲ್ಲ. ಆ ವರ್ಷದ ಅತ್ಯುತ್ತಮ ಕೆಲಸಗಾರನಿಗೆ ಕಾರ್ಖಾನೆ ಕೊಟ್ಟದ್ದು ಎರಡು ಚಾರ್ಜರು.