ಚೀಟಿಯ ಕೆಳಗಿನ ಚೀಟಿ

ಆ ದಿನದ ಫಜೀತಿಗೆಲ್ಲ ಕಾರಣ ಹೆಬ್ಬೆರಳಿನ ಉಗುರಿನಷ್ಟಗಲದ ಒಂದು ಚೀಟಿ. ಅದನ್ನು ಅಂಟಿಸಿದವನೂ ಅವನೇ, ಅದರಿಂದ ಕೆಟ್ಟವನೂ ಅವನೇ.

ಅಂಗಡಿಯವರೆಲ್ಲ ಅವನನ್ನು ಚೀಟಿಯಣ್ಣ ಎಂದು ಕರೆಯುತ್ತಿದ್ದರು. ಮೂರು ಮಹಡಿಯ ಆ ದೊಡ್ಡ ಅಂಗಡಿಯಲ್ಲಿ ಸೋಪಿನಿಂದ ಹಿಡಿದು ಸೈಕಲ್ಲಿನವರೆಗೆ ಯಾವುದರ ಬೆಲೆ ಏರಿದರೂ ಹೊಸ ಬೆಲೆಯ ಚೀಟಿ ಅಂಟಿಸುವುದು ಅವನ ಕೆಲಸ. ಹಳೆಯದನ್ನು ಕೀಳುವಂತಿಲ್ಲ, ಕಿತ್ತರೆ ಡಬ್ಬಿಯ ಬಣ್ಣವೂ ಎದ್ದುಬರುತ್ತದೆ. ಅದರ ಮೇಲೆಯೇ ಚೀಟಿ ಹೊಡೆಯುವ ಗನ್ ಇಟ್ಟು ಟಿಕ್ ಎಂದು ಹೊಸದನ್ನು ಒತ್ತಬೇಕು. ಮೊದಲು ವಾರಕ್ಕೊಂದು ದಿನವಿದ್ದ ಈ ಕೆಲಸ ಈಗ ದಿನವಿಡೀ ಇತ್ತು. ಸಂಬಳ ಮಾತ್ರ ಇದ್ದಲ್ಲೇ ಇತ್ತು. ಗಿರಾಕಿಗಳೋ, ಎಣ್ಣೆಯ ಬೆಲೆಯನ್ನು ಇವನೇ ಮನೆಯಲ್ಲಿ ಕೂತು ಯೋಚನೆ ಮಾಡಿ ತಂದವನೆಂಬಂತೆ ಗುರಾಯಿಸುತ್ತಿದ್ದರು.

ಎರಡನೇ ಮಹಡಿಯ ಮೂಲೆಯ ರ‍್ಯಾಕಿನಲ್ಲಿ ಒಂದು ವಿಡಿಯೋ ಗೇಮ್ ಇತ್ತು. ಒಬ್ಬ ನಾವಿಕನ ಕತೆ, ಎರಡನೇ ಭಾಗ. ಮೊದಲ ಭಾಗವನ್ನು ಚೀಟಿಯಣ್ಣ ಭಾವಮೈದುನ ಬೇಡವೆಂದು ಕೊಟ್ಟ ಹಳೇ ಯಂತ್ರದಲ್ಲಿ ಏಳು ವರ್ಷದಿಂದ ಆಡುತ್ತಲೇ ಇದ್ದ. ಆ ಲೋಕದಲ್ಲಿ ಅವನಿಗೆ ಗುಡ್ಡದ ಮೇಲೆ ಸ್ವಂತ ಮನೆಯಿತ್ತು. ರೊಟ್ಟಿಯ ಬೆಲೆ ಏಳು ವರ್ಷದಿಂದ ಎರಡೇ ಕಾಸು. ಕೊನೆಯಲ್ಲಿ ನಾವಿಕ ದೋಣಿಯನ್ನು ನೀರಿಗೆ ತಳ್ಳುತ್ತಾನೆ, ಪರದೆ ಕಪ್ಪಾಗುತ್ತದೆ. ದೋಣಿ ಎಲ್ಲಿಗೆ ಹೋಯಿತು? ನಲವತ್ತಮೂರು ವರ್ಷದ ಆ ಮನುಷ್ಯನಿಗೆ ಬದುಕಿನಲ್ಲಿ ಇನ್ನು ತಿಳಿಯಬೇಕೆನಿಸಿದ್ದು ಅದೊಂದೇ ಆಗಿತ್ತು.

ಅದಕ್ಕಾಗಿ ಏಳು ತಿಂಗಳಿಂದ ಬಸ್ಸು ಬಿಟ್ಟು ನಡೆಯುತ್ತಿದ್ದ. ಆರೋಗ್ಯಕ್ಕೆ ಒಳ್ಳೆಯದು ಎಂದು ಹೆಂಡತಿಗೆ ಹೇಳಿದ್ದ. ಚಪ್ಪಲಿ ಸವೆದು ಕಾಗದದಂತಾಗಿತ್ತು. ಉಳಿಸಿದ ದುಡ್ಡು ಊಟದ ಡಬ್ಬಿಯ ಮೇಲಿನ ಖಾನೆಯಲ್ಲಿ ಅವನ ಜೊತೆಗೇ ಓಡಾಡುತ್ತಿತ್ತು. ಆದರೆ ದುಡ್ಡು ಕೂಡಿಬಂತು ಎನ್ನುವಷ್ಟರಲ್ಲಿ ಮ್ಯಾನೇಜರ್ ಹೊಸ ಪಟ್ಟಿ ಕೊಡುತ್ತಿದ್ದರು. ಎರಡು ಸಾವಿರದ ಒಂಬೈನೂರು ಇದ್ದದ್ದು ಮೂರು ಸಾವಿರದ ನಾನೂರಾಯಿತು, ಆಮೇಲೆ ಮೂರು ಸಾವಿರದ ಒಂಬೈನೂರಾಯಿತು. ಎರಡು ಸಲವೂ ತನ್ನ ಆಸೆಯ ಮೇಲೆ ತಾನೇ ಟಿಕ್ ಎಂದು ಒತ್ತಿದ್ದ.

ಆ ಬೆಳಗ್ಗೆ ಹೊರಡುವಾಗ ಹೆಂಡತಿ ಹೇಳಿದ್ದಳು: "ರೀ, ಸಂಜೆ ಆರಕ್ಕೆ ಮನೆ ಓನರ್ ಬರ್ತಾರೆ, ಬಾಡಿಗೆ ಏರಿಸೋ ಮಾತಾಡೋಕೆ. ಬೇಗ ಬನ್ನಿ. ಮುಖ ಸ್ವಲ್ಪ ಬಾಡಿಸ್ಕೊಂಡು ಕೂತ್ಕೊಳ್ಳಿ."

"ಅದಕ್ಕೇನು ಕಷ್ಟ ಬಿಡು," ಎಂದಿದ್ದ.

ಅಂಗಡಿಗೆ ಕಾಲಿಟ್ಟರೆ ಮ್ಯಾನೇಜರ್ ಪಟ್ಟಿ ಹಿಡಿದು ನಿಂತಿದ್ದರು. ಮಧ್ಯಾಹ್ನ ಹನ್ನೆರಡರಿಂದ ನಾವಿಕನ ಬೆಲೆ ನಾಲ್ಕು ಸಾವಿರದ ಆರುನೂರು. ಊಟದ ಡಬ್ಬಿಯಲ್ಲಿದ್ದದ್ದು ಮೂರು ಸಾವಿರದ ಒಂಬೈನೂರ ನಲವತ್ತು. ಅಕ್ಕಿ, ಬೇಳೆ, ಶಾಂಪೂಗಳಿಗೆಲ್ಲ ಅವಸರದಲ್ಲಿ ಚೀಟಿ ಹೊಡೆದು, ಹನ್ನೊಂದೂ ಮುಕ್ಕಾಲಿಗೆ ಎರಡನೇ ಮಹಡಿಗೆ ಹೋಗಿ, ಗೇಮಿನ ಡಬ್ಬಿಯನ್ನು ಎದೆಗವಚಿಕೊಂಡು ಕೆಳಗಿಳಿದ.

ಕೌಂಟರಿನಲ್ಲಿ ಅವನ ಮುಂದೆ ಒಬ್ಬ ಅಜ್ಜಿ ಎಣ್ಣೆ ಬಾಟಲಿ ಹಿಡಿದು ಕ್ಯಾಷಿಯರ್ ಹುಡುಗಿಯ ಜೊತೆ ವಾದಕ್ಕೆ ನಿಂತಿದ್ದಳು. ಇವನನ್ನು ನೋಡಿದ್ದೇ ತಡ, ತೋಳು ಹಿಡಿದುಕೊಂಡಳು.

"ಏನಪ್ಪಾ, ಇದಕ್ಕೆ ಚೀಟಿ ಹೊಡೆದಿದ್ದು ನೀನೇ ತಾನೆ? ಹೋದ ವಾರ ಎಷ್ಟಿತ್ತು ಹೇಳು ಇವಳಿಗೆ."

"ಅಜ್ಜಿ, ನಾನು ಬರೀ ಅಂಟಿಸೋನು."

"ಅಂಟಿಸೋ ಕೈಗೆ ನಾಚಿಕೆ ಬೇಡ್ವಾ?"

ಗಡಿಯಾರ ಹನ್ನೊಂದೂ ಐವತ್ತೇಳು ತೋರಿಸುತ್ತಿತ್ತು. ಚೀಟಿಯಣ್ಣ ಎರಡೂ ಕೈ ಮುಗಿದು, ಏರಿದ ಬೆಲೆಗೆಲ್ಲ ತಾನೇ ಕಾರಣ ಎಂದು ಒಪ್ಪಿಕೊಂಡ. ಅಜ್ಜಿಗೆ ಅಷ್ಟೇ ಬೇಕಿತ್ತು, ದಾರಿ ಬಿಟ್ಟಳು. ಕ್ಯಾಷಿಯರ್ ಹುಡುಗಿ ಬಿಲ್ ಹೊಡೆಯುವಾಗ ಹನ್ನೆರಡಕ್ಕೆ ಒಂದು ನಿಮಿಷ ಬಾಕಿ.

"ಬಾಡಿಗೆ ಕಟ್ಟೋಕೆ ಆಗ್ತಿಲ್ಲ ಅಂತ ನಿನ್ನೆ ತಾನೆ ಅಳ್ತಿದ್ರಲ್ಲ ಚೀಟಿಯಣ್ಣ," ಎಂದಳು ಅವಳು, ಮೂರು ಸಾಲಿಗೂ ಕೇಳುವಂತೆ.

ಹೆಂಡತಿಗೆ ಇದು ಗೊತ್ತಾದರೆ ಮುಗಿಯಿತು ಎಂಬ ಭಯ ಆಗ ಶುರುವಾಯಿತು. ತಿಂಗಳಿಗೆ ಎರಡು ಸಲ ಹಾಲು ನಿಲ್ಲಿಸುವ ಮನೆ ಅದು. ಅದರ ಮೇಲೆ ಅವಳಿಗೊಂದು ಅಭ್ಯಾಸ. ಏನೇ ಸಾಮಾನು ಮನೆಗೆ ಬರಲಿ, ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಕೆಳಗಿನ ಹಳೇ ಬೆಲೆ ನೋಡಿ ಒಂದು ನಿಟ್ಟುಸಿರು ಬಿಡಬೇಕು. ಈಗ ಊರಿಗೇ ಹಿಡಿದ ಚಟ ಅದು.

ಕೆಲಸ ಮುಗಿದ ಮೇಲೆ ಗನ್ನನ್ನು ಚೀಲಕ್ಕೆ ಹಾಕಿಕೊಂಡು ಹೊರಬಿದ್ದ. ಪಾರ್ಕಿನ ಬೆಂಚಿನ ಮೇಲೆ ಕೂತು, ಹಿಂದೆ ಮುಂದೆ ನೋಡಿ, ಮೂರು ಸಾವಿರದ ಒಂಬೈನೂರರ ಮೇಲೆ ಮೊದಲು ಮುನ್ನೂರರ ಚೀಟಿ ಹೊಡೆದ. ಅದರ ಮೇಲೆ ನಾನೂರೈವತ್ತರದ್ದು. ಹೆಂಡತಿ ಕೆರೆಯುತ್ತಾಳೆ, ಮುನ್ನೂರು ಕಾಣುತ್ತದೆ, ಇದಕ್ಕೂ ಏರಿಸಿದ್ದಾರೆ ಎಂದು ಬೈಯುತ್ತಾಳೆ, ನಂಬುತ್ತಾಳೆ. ಹದಿನಾರು ವರ್ಷದ ಸಂಸಾರದಲ್ಲಿ ತಾನು ಇಷ್ಟು ಬುದ್ಧಿವಂತನೆಂದು ಅವನಿಗೇ ಗೊತ್ತಿರಲಿಲ್ಲ. ಬಿಲ್ಲನ್ನು ಚೂರು ಚೂರು ಮಾಡಿ ಚರಂಡಿಗೆ ಹಾಕಿ ಮನೆಗೆ ನಡೆದ.

ಹೆಂಡತಿ ಓನರಿಗಾಗಿ ಮನೆಯನ್ನು ಸಜ್ಜುಗೊಳಿಸಿದ್ದಳು. ಫ್ಯಾನ್ ಆರಿಸಿದ್ದಳು, ಹೊಸ ಪರದೆ ಬಿಚ್ಚಿ ಹಳೆಯದನ್ನು ಹಾಕಿದ್ದಳು, ಒಳ್ಳೆಯ ಲೋಟಗಳು ಮಂಚದಡಿ ಸೇರಿದ್ದವು. ಡಬ್ಬಿ ನೋಡಿದಳು. ಕೆರೆದಳು.

"ಮುನ್ನೂರು ಇದ್ದಿದ್ದು ನಾನೂರೈವತ್ತಾ? ಆಟದ ಸಾಮಾನನ್ನೂ ಬಿಡಲ್ವಾ ಇವರು," ಎಂದಳು. ಎದ್ದ ಚೀಟಿಯನ್ನು ಒತ್ತಿ ಮತ್ತೆ ಕೂರಿಸಿದಳು. ಆಮೇಲೆ ಅವನ ಚಪ್ಪಲಿ ನೋಡಿ ದನಿ ತಗ್ಗಿಸಿದಳು. "ಹೋಗ್ಲಿ ಬಿಡಿ. ನೀವೂ ಏನು ಸುಖ ಕಂಡಿದ್ದೀರಿ."

ಚೀಟಿಯಣ್ಣನಿಗೆ ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಓನರ್ ಕೆಳಗಿನ ಮನೆಯಲ್ಲಿ ಮಗಳು ಅಳಿಯನ ಜೊತೆ ಇದ್ದರು. ಅರವತ್ತೆಂಟರ ಮನುಷ್ಯ, ಮಾತು ಬೆಣ್ಣೆ, ಲೆಕ್ಕ ಕಲ್ಲು. ಕೂತವರು ಕತ್ತು ತಿರುಗಿಸಿ ಹಳೇ ಪರದೆ ನೋಡಿದರು, ನಿಂತ ಫ್ಯಾನ್ ನೋಡಿದರು, ಕೊನೆಗೆ ಮೇಜಿನ ಮೇಲಿನ ಡಬ್ಬಿ ನೋಡಿದರು.

"ಅರೆ, ನಮ್ಮ ಅಳಿಯ ಇದನ್ನೇ ಕೇಳ್ತಿದ್ದ. ಬಹಳ ದುಬಾರಿ ಅಂತಾನಲ್ಲ?"

ಹೆಂಡತಿ ಎಚ್ಚೆತ್ತಳು. ಬಡತನದ ನಡುವೆ ದುಬಾರಿ ಸಾಮಾನು ಕಂಡರೆ ಎಲ್ಲ ಕೆಟ್ಟಂತೆ. "ಅಯ್ಯೋ, ಎಲ್ಲಿ ದುಬಾರಿ ಸಾರ್? ನಾನೂರೈವತ್ತು ಅಷ್ಟೇ. ನೋಡಿ ಚೀಟಿ," ಎಂದಳು.

"ನಾನೂರೈವತ್ತಾ? ಹಾಗಾದ್ರೆ ಇದನ್ನ ನಾನೇ ತಗೋತೀನಿ. ನೀವು ನಾಳೆ ಇನ್ನೊಂದು ತಂದ್ಕೊಳ್ಳಿ."

"ಧಾರಾಳವಾಗಿ ತಗೊಳ್ಳಿ ಸಾರ್. ಇವರಿಗೆ ಅಂಗಡಿ ಕಾಲ ಬುಡದಲ್ಲೇ ಇದೆ. ಏನ್ರೀ?"

ಚೀಟಿಯಣ್ಣ ಹೂಂ ಎಂದನೋ ಉಗುಳು ನುಂಗಿದನೋ, ಇಬ್ಬರಿಗೂ ಅದು ಒಪ್ಪಿಗೆಯಾಗಿ ಕೇಳಿಸಿತು. ಓನರ್ ನಾನೂರೈವತ್ತನ್ನು ಚಿಲ್ಲರೆ ಸಮೇತ ಮೇಜಿನ ಮೇಲಿಟ್ಟು, ಡಬ್ಬಿ ಕಂಕುಳಲ್ಲಿಟ್ಟುಕೊಂಡು ಎದ್ದರು. "ನಿಮ್ಮ ಪರಿಸ್ಥಿತಿ ಕಣ್ಣಾರೆ ಕಂಡೆ. ಈ ವರ್ಷ ಬಾಡಿಗೆ ಇದ್ದಷ್ಟೇ ಇರ್ಲಿ."

ಅವರು ಇಳಿದು ಹೋದ ಮೇಲೆ ಹೆಂಡತಿ ಫ್ಯಾನ್ ಹಾಕಿದಳು, ಒಳ್ಳೆಯ ಲೋಟದಲ್ಲಿ ಕಾಫಿ ಕೊಟ್ಟಳು. ತಿಂಗಳುಗಳಿಂದ ಕಾಣದ ನಗು ಅವಳ ಮುಖದ ಮೇಲಿತ್ತು. ಚೀಟಿಯಣ್ಣ ಆ ನಗು ನೋಡಿ ಸಮಾಧಾನ ಮಾಡಿಕೊಳ್ಳಲು ನೋಡಿದ. ಏಳು ತಿಂಗಳ ನಡಿಗೆ ಹೋದರೂ ಒಂದು ವರ್ಷದ ಬಾಡಿಗೆ ಏರಿಕೆ ನಿಂತಿತಲ್ಲ. ಇನ್ನೊಂದು ಏಳು ತಿಂಗಳು ನಡೆದರಾಯಿತು, ಚಪ್ಪಲಿ ಒಂದು ಹೊಸದು ಬೇಕು ಅಷ್ಟೇ.

ಮುಕ್ಕಾಲು ಗಂಟೆಯಾಗಿತ್ತು. ಮತ್ತೆ ಬಾಗಿಲು ಬಡಿದ ಸದ್ದಾಯಿತು. ಓನರ್ ಒಂದು ಕೈಯಲ್ಲಿ ಗೇಮಿನ ಖಾಲಿ ಡಬ್ಬಿ, ಇನ್ನೊಂದರಲ್ಲಿ ಬಾಡಿಗೆ ಪುಸ್ತಕ ಹಿಡಿದು ನಿಂತಿದ್ದರು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಗೋಂದು ಮೆತ್ತಿತ್ತು.

"ಸುಮ್ನೆ ಕೂತಿದ್ದೆ, ಕೆರೆದೆ," ಎಂದರು. "ನಾನೂರೈವತ್ತರ ಕೆಳಗೆ ಮುನ್ನೂರು. ಸರಿ, ಕಾಲವೇ ಹಾಗಿದೆ ಅಂದ್ಕೊಂಡೆ. ಮುನ್ನೂರರ ಕೆಳಗೆ ಮೂರು ಸಾವಿರದ ಒಂಬೈನೂರು. ಬೆಲೆ ಇಳಿದಿದ್ದನ್ನ ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ."

ಹೆಂಡತಿ ನಿಧಾನವಾಗಿ ಗಂಡನ ಕಡೆ ತಿರುಗಿದಳು. ಚೀಟಿಯಣ್ಣ ನೆಲ ನೋಡಿದ.

"ಅಷ್ಟು ಬೆಲೆಯ ಸಾಮಾನನ್ನ ಮುಖ ಸಿಂಡರಿಸದೆ ನನಗೆ ನಾನೂರೈವತ್ತಕ್ಕೆ ಕೊಟ್ಟುಬಿಟ್ರಿ," ಎಂದರು ಓನರ್, ಗದ್ಗದಿತರಾದಂತೆ. "ದೊಡ್ಡ ಮನಸ್ಸು. ಇಷ್ಟು ಅನುಕೂಲಸ್ಥರನ್ನ ನಾನು ಬಡವರು ಅಂದ್ಕೊಂಡಿದ್ದು ನಿಮಗೆ ಅವಮಾನ ಮಾಡಿದ ಹಾಗೆ. ಅದನ್ನ ಸರಿ ಮಾಡೋಣ ಅಂತ ಬಂದೆ. ತಿಂಗಳಿಗೆ ಒಂದು ಸಾವಿರ ಜಾಸ್ತಿ."

ಪುಸ್ತಕ ತೆರೆದು ಮೇಜಿನ ಮೇಲಿಟ್ಟರು. ಬಾಗಿಲ ಬಳಿಯ ಚೀಲದಿಂದ ಇಣುಕುತ್ತಿದ್ದ ಗನ್ ಅವರ ಕಣ್ಣಿಗೆ ಬಿತ್ತು.

"ಅದು ಇಲ್ಲೇ ಇದೆಯಲ್ಲ. ಹೊಡೆದುಹಾಕಿ ತಿದ್ದಿದ್ರೆ ಪುಸ್ತಕ ಗಲೀಜಾಗತ್ತೆ. ಹಳೇದರ ಮೇಲೆ ಒಂದು ಚೀಟಿ ಹಾಕ್ಬಿಡಿ, ನಿಮಗೆ ಅಭ್ಯಾಸ."

ಚೀಟಿಯಣ್ಣ ಗನ್ ತೆಗೆದ. ಅಂಕಿ ತಿರುಗಿಸಿದ. ಟಿಕ್ ಎಂದಿತು. ಹೆಂಡತಿ ಬಾಗಿ ಉಗುರು ಹಾಕಿ ಕೆರೆಯಲು ನೋಡಿದಳು. ಬರಲಿಲ್ಲ. ಈ ಸಲ ಚೆನ್ನಾಗಿ ಅಂಟಿತ್ತು.

ಮೆಟ್ಟಿಲಿಳಿಯುತ್ತ ಓನರ್ ತಿರುಗಿ ಹೇಳಿದರು: "ಅಂದ ಹಾಗೆ ನೀವು ಇನ್ನೊಂದು ತರೋಕೆ ಹೋಗ್ಬೇಡಿ. ಅಳಿಯ ಆಗಲೇ ಆಡೋಕೆ ಶುರು ಮಾಡಿದಾನೆ. ಚೆನ್ನಾಗಿಲ್ವಂತೆ. ದೋಣಿ ಹತ್ತೇ ನಿಮಿಷಕ್ಕೆ ಮುಳುಗಿ ಹೋಗತ್ತಂತೆ."

ಬಾಗಿಲು ಹಾಕಿಕೊಂಡಿತು. ಹೆಂಡತಿ ಎದ್ದು ಫ್ಯಾನ್ ಆರಿಸಿದಳು. ಆಮೇಲೆ ಕೇಳಿದಳು.

"ಯಾರ ದೋಣಿ ರೀ?"

"ನಮ್ದೇ ಕಣೇ," ಎಂದ ಚೀಟಿಯಣ್ಣ.