ಸೋಮವಾರ ಕಂಪ್ಯೂಟರ್ ಹೂಡಬಾರದು

ನಮ್ಮ ಸೋದರಮಾವನಿಗೆ ಕಂಪ್ಯೂಟರ್ ಬಗ್ಗೆ ಏನೂ ತಿಳಿಯದು ಅಂತ ಯಾರೂ ಅನ್ನಕೂಡದು. ಏನೂ ತಿಳಿಯದಿದ್ದರೆ ನಾನು ಎಷ್ಟು ಸುಖವಾಗಿರುತ್ತಿದ್ದೆ! ನಿಡೋಣಿಯಲ್ಲಿ ಆಯುಷ್ಯವೆಲ್ಲ ಎತ್ತು ಸಾಕಿದ ಈ ಮನುಷ್ಯ ವಿಜಯಪುರದ ನಮ್ಮ ಮನೆಗೆ ಬಂದನೆಂದರೆ, ಸ್ವಿಚ್ಚಿರುವುದೆಲ್ಲ ಅವನ ಕಣ್ಣಿಗೆ ದನವೇ. ಫ್ರಿಜ್ಜು ಗುರ್ ಎಂದರೆ ಬೆನ್ನು ಸವರುತ್ತಾನೆ. ಮಿಕ್ಸಿ ಸ್ವಲ್ಪ ಹೆಚ್ಚು ತಿರುಗಿದರೆ "ಸಾಕ ಬಿಡ ಬೇ, ದಣದೈತಿ" ಅನ್ನುತ್ತಾನೆ. ಇದನ್ನೆಲ್ಲ ಸಹಿಸಿಕೊಂಡೆ. ಆದರೆ ನನ್ನ ಕಂಪ್ಯೂಟರಿಗೆ ಕೈ ಹಚ್ಚುವುದೇ?

ಅದೂ ಎಂಥ ಹೊತ್ತಿನಲ್ಲಿ! ಬಬಲೇಶ್ವರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಪಾಠ ಮಾಡುವ ಅತಿಥಿ ಉಪನ್ಯಾಸಕಿ ನಾನು. ಕೊನೆಗೂ ಊರಲ್ಲೇ ಒಂದು ಕಾಯಂ ಕೆಲಸಕ್ಕೆ ಸಂದರ್ಶನ ಬಂದಿತ್ತು. ಸೋಮವಾರ ಮುಂಜಾನೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಆನ್‌ಲೈನಿನಲ್ಲಿ ಒಂದು ಪಾಠ ಮಾಡಿ ತೋರಿಸಬೇಕು. ಪಾಠದ ಚಿತ್ರ, ನಕಾಶೆ ಎಲ್ಲ ಅದರ ಹೊಟ್ಟೆಯಲ್ಲೇ ಇವೆ. ಅದೋ, ಶನಿವಾರದಿಂದ ಏಳಲೊಲ್ಲದು! ಗುಂಡಿ ಒತ್ತಿದರೆ ಲೋಗೋ ಬರುತ್ತದೆ, ಚುಕ್ಕಿಗಳು ತಿರುಗುತ್ತವೆ, ಇನ್ನೇನು ಬಂತು ಅನ್ನುವಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಅದೇ ಲೋಗೋ.

"ಎದ್ದಂಗ ಮಾಡಿ ಬೀಳಾಕತ್ತೈತಿ," ಎಂದು ಮಾವ ಬಗ್ಗಿ ಪೆಟ್ಟಿಗೆಗೆ ಕಿವಿಯಿಟ್ಟ. "ಹೊಟ್ಟಿ ಉಬ್ಬೈತಿ. ಇಂಗು, ಎಣ್ಣಿ ಕುಡಸೂನು."

"ಮಾಮಾ, ಅದಕ್ಕ ಬಾಯಿಲ್ಲ!"

"ಇದೇನ ಮತ್ತ?" ಅಲ್ಲಿ ಇಲ್ಲಿ ಒತ್ತಿ ಸಿಡಿ ತಟ್ಟೆಯನ್ನು ಹೊರಗೆ ಬರಿಸಿಯೇಬಿಟ್ಟ. "ನಾಲಿಗಿ ಸೈತ ಐತಿ!"

ಇಂಥವನ ಜೊತೆ ಏನು ವಾದ ಮಾಡುತ್ತೀರಿ? ಎಣ್ಣೆ ಡಬ್ಬಿ ಬಚ್ಚಿಟ್ಟೆ. ಭಾನುವಾರ ನೋಡಿದರೆ ಒಲೆಯ ಮೇಲೆ ಕಬ್ಬಿಣದ ಸಳಿ ಕೆಂಪಗೆ ಕಾಯುತ್ತಿದೆ. ಬರೆ ಹಾಕಲಿಕ್ಕೆ! ನಾನು ಕಿರುಚಿದ ರಭಸಕ್ಕೆ ಆಜೂಬಾಜೂದವರೆಲ್ಲ ಓಡಿ ಬಂದರು.

ಸ್ಟೇಷನ್ ರಸ್ತೆಯ ರಿಪೇರಿಯವನು ಮದುವೆಗೆಂದು ತಿಕೋಟಾಕ್ಕೆ ಹೋಗಿದ್ದ. ಬಾಜಾ ಗದ್ದಲದ ನಡುವೆಯೇ ಫೋನಿನಲ್ಲಿ ಕೂಗಿ ಹೇಳಿದ: "ವೈರ್ ಕಿತ್ತು, ಒಳಗಿನ ಮೆಮರಿ ಪಟ್ಟಿ ತಗದು, ರಬ್ಬರಲೇ ತಿಕ್ಕಿ ಹಾಕ್ರಿ ಮೇಡಂ!" ಹಾಗೇ ಮಾಡಿದೆ. ಎದ್ದಿತು! ನಾನು ಮಾವನ ಕಡೆ ಗತ್ತಿನಿಂದ ನೋಡಿದೆ.

"ಎದ್ದೈತಿ ಖರೆ," ಅಂದ. "ಆದ್ರ ಈಗಷ್ಟ ಜಡ್ಡಿಂದ ಎದ್ದ ಜೀವ. ನಾಳಿ ಸೋಮವಾರ, ಹೂಡಬ್ಯಾಡ."

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ನಾನು ನಕ್ಕು ಸುಮ್ಮನಾದೆ. ನಗಬಾರದಿತ್ತು ನೋಡಿ! ಬೆಳಗ್ಗೆ ಎದ್ದರೆ ಕಂಪ್ಯೂಟರಿನ ವೈರೂ ಇಲ್ಲ, ಪರದೆಯ ವೈರೂ ಇಲ್ಲ, ಮಾವನೂ ಇಲ್ಲ. ಫೋನ್ ಹಚ್ಚಿದೆ.

"ವೈರ್ ನನ್ನ ಚೀಲದಾಗ ಅದಾವು. ಅರಕೇರಿಗೆ ಬಂದೇನಿ. ಮನ್ಯಾಗ ಇಟ್ರ ನೀ ಹೂಡತಿದ್ದಿ."

"ಎರಡೂ ಯಾಕ ಒಯ್ದಿ?"

"ಜೋಡ್ಯಾಗ ಒಂದನ್ನ ಬಿಟ್ಟು ಒಂದನ್ನ ಹೂಡತಾರೇನ್ ಬೇ?"

ಮೈಯೆಲ್ಲ ಉರಿದುಹೋಯಿತು. "ಅದು ಎತ್ತಲ್ಲ ಮಾಮಾ, ತಗಡು! ಬರೇ ತಗಡು! ನನ್ನ ನೌಕರಿ ಹೋಗತೈತಿ!" ಬೈಯುತ್ತ ಬೈಯುತ್ತ ಅಳು ಬಂದುಬಿಟ್ಟಿತು. ಆ ಕಡೆಯಿಂದ ಮಾವ "ಅಳಬ್ಯಾಡ" ಅಂದ, ಫೋನ್ ಇಟ್ಟ.

ಅರಕೇರಿಯ ಹಳ್ಳಿಯಿಂದ ಊರಿಗೆ ಹಾಲು ತರುವವನ ಬೈಕಿನ ಮೇಲೆ, ಎರಡು ಕ್ಯಾನುಗಳ ನಡುವೆ ಸಿಕ್ಕಿಕೊಂಡು, ಚೀಲ ತಬ್ಬಿಕೊಂಡು ಮಾವ ಬಂದಿಳಿದ. ಸಂದರ್ಶನಕ್ಕೆ ಇನ್ನು ಸ್ವಲ್ಪವೇ ಹೊತ್ತಿತ್ತು. ನನ್ನ ಮುಖ ನೋಡಲಿಲ್ಲ. ಎರಡೂ ವೈರು ಕೊಟ್ಟ; ನಾನು ಸಿಕ್ಕಿಸಿ ಗುಂಡಿಗೆ ಕೈ ಚಾಚಿದೆ. ಕೈ ಹಿಡಿದುಕೊಂಡ.

ಈಗಲೂ ಬಿಡಲೊಲ್ಲನೇ ಎಂದು ಮತ್ತೆ ಸಿಟ್ಟು ನೆತ್ತಿಗೇರಿತು. ಮಾವ ಚಪ್ಪಲಿ ಬಿಟ್ಟು ಬಂದು, ಎರಡೂ ಕೈಯಿಂದ ಆ ಪೆಟ್ಟಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ.

"ನೀ ಒತ್ತಬ್ಯಾಡ ಯವ್ವಾ. ಸೋಮವಾರ ಹೂಡಿದ ಪಾಪ ಹೂಡಿದಾವಗ ಹತ್ತತೈತಿ. ಅದು ನನಗಿರಲಿ, ನೀ ಪಾಠಾ ಹೇಳು," ಅಂದು ತಾನೇ ಗುಂಡಿ ಒತ್ತಿದ.

ಲೋಗೋ ಬಂತು, ಚುಕ್ಕಿಗಳು ತಿರುಗಿದವು, ಕಂಪ್ಯೂಟರ್ ಎದ್ದು ನಿಂತಿತು. ಆಯುಷ್ಯದಲ್ಲಿ ಒಂದೇ ಒಂದು ಸೋಮವಾರವೂ ನೊಗ ಮುಟ್ಟದವನು ಬಾಗಿಲಾಚೆ ಹೋಗಿ ತಲೆ ತಗ್ಗಿಸಿ ಕೂತ. ಪರದೆಯಲ್ಲಿದ್ದವರು "ಶುರು ಮಾಡ್ರಿ ಮೇಡಂ" ಅಂದರು. ನಾನು ಬಾಗಿಲ ಕಡೆಯಿಂದ ಕಣ್ಣು ಕಿತ್ತು ಪಾಠದ ಮೊದಲ ಚಿತ್ರ ತೆರೆದೆ.