ರಷ್ಯ ಕಾಣದ ರಷ್ಯನ್ ಅಜ್ಜಿ

ನನಗೆ ರಷ್ಯನ್ ಕಲಿಸಿದ ಅಜ್ಜಿ ತನ್ನ ಎಪ್ಪತ್ತಮೂರು ವರ್ಷಗಳ ಆಯುಷ್ಯದಲ್ಲಿ ಒಂದು ದಿನವೂ ರಷ್ಯದ ನೆಲ ತುಳಿದವಳಲ್ಲ. ಆದರೂ ರಷ್ಯದಲ್ಲಿರುವ ಕೋಟ್ಯಂತರ ಜನ ಆಡುವುದು ತಪ್ಪು ರಷ್ಯನ್, ತಾನು ಆಡುವುದೊಂದೇ ಸರಿ ಎಂದು ಗಟ್ಟಿಯಾಗಿ ನಂಬಿದ್ದಳು!

ಇಂಥವಳ ಮನೆಗೆ ನಾನು ಹೋಗಿ ಬಿದ್ದದ್ದು ಹೇಗೆ ಎಂದು ಮೊದಲು ಹೇಳಿಬಿಡುತ್ತೇನೆ. ನಾನು ಚಿಕ್ಕವಳಿದ್ದಾಗ ಧಾರವಾಡಕ್ಕೆ ಪುಸ್ತಕದ ವ್ಯಾನೊಂದು ಬರುತ್ತಿತ್ತು. ಅದರಲ್ಲಿ ಮಾಸ್ಕೋದಲ್ಲಿ ಅಚ್ಚಾದ ಕನ್ನಡದ ಮಕ್ಕಳ ಪುಸ್ತಕಗಳು. ನುಣುಪು ಕಾಗದ, ಹಿಮ, ಕರಡಿ, ಕೆನ್ನೆ ಕೆಂಪಗಿನ ಹುಡುಗಿಯರು. ಆ ಕಾಗದದ ವಾಸನೆ ತಲೆಗೇರಿ ಎಷ್ಟೋ ವರ್ಷ ಇಳಿಯಲೇ ಇಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಲೈಬ್ರರಿ ಸೈನ್ಸ್ ಓದಲು ಕ್ಯಾಲಿಫೋರ್ನಿಯಾಕ್ಕೆ ಬಂದವಳು, ಬೇಸಿಗೆ ರಜೆಯಲ್ಲಿ ಎಂಟು ವಾರದ ರಷ್ಯನ್ ಕೋರ್ಸ್ ಇದೆ ಎಂದು ಕೇಳಿದ್ದೇ ತಡ, ಹೆಸರು ಕೊಟ್ಟುಬಿಟ್ಟೆ. ಅದರಲ್ಲೊಂದು ಷರತ್ತು. ಆ ಎಂಟು ವಾರ ಸ್ಯಾನ್ ಫ್ರಾನ್ಸಿಸ್ಕೋದ ಒಂದು ರಷ್ಯನ್ ಕುಟುಂಬದ ಜೊತೆಗೇ ಇರಬೇಕು.

ಫಾಸ್ಟರ್ ಸಿಟಿಯಲ್ಲಿದ್ದ ನನ್ನ ಚಿಕ್ಕಮ್ಮ ತಲೆ ಚಚ್ಚಿಕೊಂಡಳು. "ಅಲ್ಲವಾ, ಅಮೇರಿಕಾಕ್ಕ ಬಂದು ರಷ್ಯನ್ ಕಲೀತೀಯಾ? ನಾಳೆ ರಷ್ಯಾಕ್ಕ ಹೋಗಿ ಇಂಗ್ಲಿಷ್ ಕಲೀತಿ ಏನು?" ಹಾಗೆಂದರೂ ತಾನೇ ಕಾರಿನಲ್ಲಿ ಕರೆತಂದು, ಒಂದು ಡಬ್ಬಿ ಚಟ್ನಿಪುಡಿಯೊಂದಿಗೆ ನನ್ನನ್ನು ಅಜ್ಜಿಯ ಮನೆ ಮುಂದೆ ಇಳಿಸಿದಳು. ಜುಲೈ ತಿಂಗಳು. ಫಾಸ್ಟರ್ ಸಿಟಿಯಲ್ಲಿ ಬಿಸಿಲು ಸುಡುತ್ತಿದ್ದರೆ ಇಲ್ಲಿ ಎದುರುಮನೆಯೂ ಕಾಣದಂಥ ಮಂಜು. ಸ್ವೆಟರ್ ಎಲ್ಲ ಸೂಟ್‌ಕೇಸಿನ ತಳದಲ್ಲಿ!

ಬಾಗಿಲು ತೆರೆಯಿತು. ಎತ್ತರದ, ನೆಟ್ಟನೆಯ ಬಿಳಿತಲೆಯ ಅಜ್ಜಿ. ನಾನು ನಗುತ್ತ ಹೊಸ್ತಿಲಾಚೆಯಿಂದಲೇ ಕೈ ಚಾಚಿದೆ. ಅಜ್ಜಿ ಕಿಟಾರನೆ ಕಿರುಚಿ ಎರಡು ಹೆಜ್ಜೆ ಹಿಂದೆ ಹಾರಿದಳು! ಕೈಯಲ್ಲಿ ಹಾವು ಗೀವು ಹಿಡಿದಿದ್ದೇನೆಯೇ ಎಂದು ನಾನೇ ಒಮ್ಮೆ ನೋಡಿಕೊಂಡೆ. ಅಷ್ಟರಲ್ಲಿ ಅವಳು ನನ್ನ ಮುಂಗೈ ಹಿಡಿದು ದರದರ ಒಳಗೆಳೆದು, ಆಮೇಲೆ ಬಹಳ ಗಾಂಭೀರ್ಯದಿಂದ ಕೈಕುಲುಕಿದಳು. ಹೊಸ್ತಿಲ ಮೇಲೆ ಕೈಕುಲುಕಿದರೆ ಜಗಳವಾಗುತ್ತದಂತೆ. ನಮ್ಮಲ್ಲಿ ಹೊಸ್ತಿಲ ಮೇಲೆ ನಿಂತು ಸೀನಿದರೆ ಆಗುವುದಿಲ್ಲವೇ, ಹಾಗೆ.

ಇನ್ನು ಪರಿಚಯ. ನಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ ಒಂದೇ ಒಂದು ವಾಕ್ಯವನ್ನು ಹೊರತೆಗೆದೆ. "ಯಾ ಸುಮಾ." ನಾನು ಸುಮಾ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನ ಹೆಗಲು, ಬೆನ್ನು, ಸೂಟ್‌ಕೇಸು ಎಲ್ಲವನ್ನೂ ನೋಡಿ ಏನೋ ಕೇಳಿದಳು. ನಾನು ಇನ್ನೂ ಗಟ್ಟಿಯಾಗಿ ಎದೆ ತಟ್ಟಿಕೊಂಡು "ಸುಮಾ! ಸುಮಾ!" ಎಂದೆ. ಒಳಗಿನಿಂದ ಅವಳ ಮಗಳು ಬಂದು ಬಿದ್ದೂ ಬಿದ್ದೂ ನಕ್ಕಳು. ರಷ್ಯನ್ನಿನಲ್ಲಿ ಸುಮಾ ಎಂದರೆ ಭಿಕ್ಷುಕರು ಹೆಗಲಿಗೆ ಹಾಕಿಕೊಳ್ಳುವ ಜೋಳಿಗೆಯಂತೆ. ನಮ್ಮಪ್ಪ ಹೂವು ಎಂದು ಇಟ್ಟ ಹೆಸರು! ಮನೆ ಬಾಗಿಲಿಗೆ ಬಂದ ಹುಡುಗಿಯೊಬ್ಬಳು ಎದೆ ತಟ್ಟಿಕೊಂಡು "ನಾನು ಜೋಳಿಗೆ, ನಾನು ಜೋಳಿಗೆ" ಎಂದರೆ ಯಾರಿಗೆ ಗಾಬರಿಯಾಗುವುದಿಲ್ಲ?

ಅಜ್ಜಿಗೆ ಮಾತ್ರ ಕರುಣೆ ಉಕ್ಕಿತು. ನಮ್ಮಪ್ಪನ ಹೆಸರು ಕೇಳಿದಳು. ಗುರುರಾಜ ಎಂದೆ. ಅಂದಿನಿಂದ ಸಿಟ್ಟು ಬಂದಾಗ ನಾನು 'ಸುಮಾ ಗುರುರಾಜೊವ್ನಾ', ಪ್ರೀತಿ ಬಂದಾಗ 'ಸೂಮಚ್ಕಾ'. ಈ ಸೂಮಚ್ಕಾ ಎಂದರೆ ಏನೆಂದು ಡಿಕ್ಷನರಿ ತೆಗೆದು ನೋಡಿದೆ. ಕೈಚೀಲ! ಅಂತೂ ಜೋಳಿಗೆಯಿಂದ ಬಡ್ತಿ ಸಿಕ್ಕಿತ್ತು.

ಮನೆಯಲ್ಲಿದ್ದವರು ಅವರಿಬ್ಬರೇ. ಮಗಳು ಆಸ್ಪತ್ರೆಯಲ್ಲಿ ನರ್ಸು, ಮನೆಯಲ್ಲಿ ಇದ್ದದ್ದಕ್ಕಿಂತ ಡ್ಯೂಟಿಯಲ್ಲಿ ಇದ್ದದ್ದೇ ಹೆಚ್ಚು. ತಾಯಿ ರಷ್ಯನ್ನಿನಲ್ಲಿ ಹತ್ತು ಮಾತಾಡಿದರೆ ಮಗಳು ಇಂಗ್ಲಿಷಿನಲ್ಲಿ ಒಂದು: "ಮಾಮಾ, ಐ ಆಮ್ ಲೇಟ್." ಚಿಕ್ಕಮ್ಮನ ಮನೆಯಲ್ಲೂ ಹೀಗೇ ಇತ್ತಾದ್ದರಿಂದ ಇದೊಂದು ಮಾತ್ರ ನನಗೆ ಗೊಂದಲವಾಗಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲವೇ? ಹಾಗಂತ ಅವಳೇ ಹೇಳುತ್ತಿದ್ದಳು. "ಐ ಆಮ್ ಟೆರಿಬ್ಲಿ ಸಾರಿ, ಬಟ್ ಐ ಡು ನಾಟ್ ಸ್ಪೀಕ್ ಎ ವರ್ಡ್ ಆಫ್ ಇಂಗ್ಲಿಷ್" ಎಂದು, ಒಂದು ಉಚ್ಚಾರವೂ ತಪ್ಪದೆ! ಹೀಗಾಗಿ ಅವಳಾಡಿದ್ದರಲ್ಲಿ ಕಾಲುಭಾಗ ನನಗೆ ಕಿವಿಯಿಂದ ತಿಳಿಯುತ್ತಿತ್ತು, ಕಾಲುಭಾಗ ಕೈಸನ್ನೆಯಿಂದ, ಉಳಿದರ್ಧ ಮಗಳು ಡ್ಯೂಟಿ ಮುಗಿಸಿ ಬಂದ ಮೇಲೆ.

ಮೊದಲ ದಿನದ ಊಟಕ್ಕೆ ಕೂತಾಗ ನಾನು ಮಾಂಸ ತಿನ್ನುವುದಿಲ್ಲ ಎಂದೆ. "ಗೊತ್ತು ಗೊತ್ತು" ಎಂದು ತಲೆಯಾಡಿಸಿ ಅಜ್ಜಿ ತಟ್ಟೆಗೆ ಕೋಳಿಯ ಕಾಲು ಹಾಕಿದಳು.

"ಅಜ್ಜಿ, ಇದು ಮಾಂಸ."

"ಇದು ಕೋಳಿ," ಎಂದಳು ಅಜ್ಜಿ, ಬುದ್ಧಿಮಾಂದ್ಯರಿಗೆ ಹೇಳುವ ಸಹನೆಯಿಂದ.

ಕೋಳಿಯೂ ಬೇಡ ಎಂದೆ. ಮೀನು? ಬೇಡ. ಮೊಟ್ಟೆ? ಅದೂ ಬೇಡ. ಅಜ್ಜಿ ಸೌಟು ಕೆಳಗಿಟ್ಟಳು. ಅವರ ಧರ್ಮದಲ್ಲಿ ಹಬ್ಬಕ್ಕೆ ಮುಂಚೆ ಕೆಲವು ವಾರ ಇವನ್ನೆಲ್ಲ ಬಿಟ್ಟು ವ್ರತ ಮಾಡುತ್ತಾರೆ. ನಾನು ಹುಟ್ಟಿದಾಗಿನಿಂದ ಹೀಗೇ ಎಂದು ತಿಳಿದಾಗ ಅವಳ ಕಣ್ಣಲ್ಲಿ ನೀರು. "ಇಪ್ಪತ್ತಮೂರು ವರ್ಷದ ಉಪವಾಸ! ಅಷ್ಟು ದೊಡ್ಡ ಪಾಪ ಏನು ಮಾಡಿದೆಯೇ?"

ಆ ಭಾನುವಾರ ಗೀರಿ ರಸ್ತೆಯ ಚರ್ಚಿಗೆ ನನ್ನನ್ನೂ ಕರೆದೊಯ್ದಳು. ಬಂಗಾರದ ಗುಮ್ಮಟ, ಧೂಪದ ಹೊಗೆ. ಕೂರಲು ಒಂದು ಕುರ್ಚಿಯೂ ಇಲ್ಲದೆ ಎರಡು ತಾಸು ನಿಂತೇ ಇದ್ದೆವು. ಪೂಜೆ ಮುಗಿದದ್ದೇ ತಲೆಗೆ ಸ್ಕಾರ್ಫ್ ಕಟ್ಟಿದ ಏಳೆಂಟು ಮುದುಕಿಯರು ನನ್ನನ್ನು ಮುತ್ತಿಕೊಂಡರು. ಒಬ್ಬಳು ನನ್ನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇನ್ನೊಬ್ಬಳು ತನ್ನ ಮಂಡಿ ತೋರಿಸಿ ಏನೋ ಬೇಡಿಕೊಂಡಳು. ನಾನು ಎಲ್ಲದಕ್ಕೂ "ದಾ, ದಾ" ಎಂದೆ, ಅಂದರೆ ಹೌದು ಹೌದು. ನನಗೆ ಆಗ ಧಾರಾಳವಾಗಿ ಬರುತ್ತಿದ್ದ ಪದ ಅದೊಂದೇ. ಮನೆಗೆ ಬಂದ ಮೇಲೆ ಮಗಳು ಬಿಡಿಸಿ ಹೇಳಿದಳು. ಇಂಡಿಯಾದಿಂದ ಮಹಾತಪಸ್ವಿನಿಯೊಬ್ಬಳು ಬಂದಿದ್ದಾಳೆ ಎಂದು ಅಜ್ಜಿ ಸುದ್ದಿ ಹಬ್ಬಿಸಿದ್ದಳು. ನಾನು ಮೂರು ಮಂಡಿನೋವು, ಒಂದು ಮದುವೆ ಸಂಬಂಧ ಮತ್ತು ಒಂದು ಕಳೆದುಹೋದ ಬೆಕ್ಕಿಗಾಗಿ ಪ್ರಾರ್ಥಿಸುವುದಾಗಿ ಮಾತು ಕೊಟ್ಟಿದ್ದೆ!

ಇದು ಮನೆಯ ಗೊಂದಲ. ಕ್ಲಾಸಿನದು ಬೇರೆ. ನಮ್ಮ ಟೀಚರು ಹತ್ತು ವರ್ಷದ ಹಿಂದಷ್ಟೇ ಲೆನಿನ್‌ಗ್ರಾಡಿನಿಂದ ಬಂದವರು. ಪಠ್ಯಪುಸ್ತಕ ಮಾಸ್ಕೋದ್ದು. ಮೊದಲ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ: "ಸಂಗಾತಿ ಇವಾನೋವ್ ಟ್ರ್ಯಾಕ್ಟರ್ ಕಾರ್ಖಾನೆಗೆ ಹೋಗುತ್ತಾನೆ." ಅಡುಗೆಮನೆಯಲ್ಲಿ ಏನೋ ಠಣ್ ಎಂದು ಬಿತ್ತು. ಅಜ್ಜಿ ಓಡಿಬಂದು ಪುಸ್ತಕ ಕಿತ್ತುಕೊಂಡು, ದೇವರ ಪಟದ ಹತ್ತಿರವಿದ್ದ ಬಾಟಲಿಯಿಂದ ಅದರ ಮೇಲೆ ತೀರ್ಥ ಚಿಮುಕಿಸಿದಳು. ಸಂಗಾತಿ ಎಂದರೆ ಕಮ್ಯುನಿಸ್ಟರ ಕಾಮ್ರೇಡ್; ಅವರ ಕ್ರಾಂತಿಯಾದ ಮೇಲೆ ಬಂದ ಒಂದು ಪದವೂ ಆ ಮನೆಯಲ್ಲಿ ನುಸುಳುವಂತಿರಲಿಲ್ಲ. ಮರುದಿನ ನೋಡಿದರೆ ಪುಸ್ತಕದ ತುಂಬ 'ಸಂಗಾತಿ' ಇದ್ದಲ್ಲೆಲ್ಲ ಪೆನ್ಸಿಲಿನಿಂದ ಹೊಡೆದು 'ಘನತೆವೆತ್ತ ಶ್ರೀಮಾನ್' ಎಂದು ತಿದ್ದಿದೆ! ಘನತೆವೆತ್ತ ಶ್ರೀಮಾನ್ ಇವಾನೋವರು ಟ್ರ್ಯಾಕ್ಟರ್ ಕಾರ್ಖಾನೆಗೆ ದಯಮಾಡಿಸುತ್ತಿದ್ದರು.

ನಾನು ಹಾಗೇ ಕ್ಲಾಸಿನಲ್ಲಿ ಓದಿದೆ. ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ನಮ್ಮ ಮುತ್ತಜ್ಜಿ ಸತ್ತ ಮೇಲೆ ಈ ಭಾಷೆ ಕೇಳಿರಲಿಲ್ಲ. ನೀನು ಇದನ್ನು ಹಿಡಿದುಕೊಂಡು ಲೆನಿನ್‌ಗ್ರಾಡಿನ ಬಸ್ಸು ಹತ್ತಿದರೆ ಜನ ಎದ್ದು ನಿಲ್ಲುತ್ತಾರೆ!" ನನಗೆ ಅರ್ಥವಾಯಿತು. ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿ ಪರದೇಶಿಯೊಬ್ಬಳು ಕಂಡಕ್ಟರನಿಗೆ ಕೈಮುಗಿದು, "ಎಲೈ ಸಾರಥಿಯೇ, ರಥವನ್ನು ಕ್ಷಣಕಾಲ ತಡೆಯುವಂಥವನಾಗು" ಎಂದ ಹಾಗಿತ್ತು ನನ್ನ ರಷ್ಯನ್ನು.

ಟೀಚರು ತಿದ್ದಿದ್ದನ್ನು ಅಜ್ಜಿ ಅಳಿಸುವಳು, ಅಜ್ಜಿ ಬರೆಸಿದ್ದಕ್ಕೆ ಟೀಚರು ಕೆಂಪು ಗೆರೆ ಎಳೆಯುವರು. ಮೂರನೆಯ ವಾರದ ಹೊತ್ತಿಗೆ ನನಗೆ ರಷ್ಯನ್ ಹೋಗಲಿ, ಇಂಗ್ಲಿಷೂ ತಡವರಿಸತೊಡಗಿತು. ಪರೀಕ್ಷೆಯಲ್ಲಿ ನೂರಕ್ಕೆ ಮೂವತ್ತೊಂದು. ಮುಂದಿನದರಲ್ಲೂ ಹೀಗೇ ಆದರೆ ಕೋರ್ಸು ಬಿಡಬೇಕಾಗುತ್ತದೆ ಎಂದು ಟೀಚರು ಮೆತ್ತಗೆ ಹೇಳಿದರು. ನಾನು ಚಿಕ್ಕಮ್ಮನಿಗೆ ಫೋನು ಮಾಡಿ ಅತ್ತೆ. "ಶನಿವಾರ ಬಂದು ಕರಕೊಂಡು ಹೋಗ್ತೀನಿ, ಸಾಮಾನು ಕಟ್ಟಿಡು," ಎಂದಳು ಚಿಕ್ಕಮ್ಮ. ನಾನು ಕಟ್ಟಿಟ್ಟೆ. ಅಜ್ಜಿಗೆ ಹೇಗೆ ಹೇಳುವುದೆಂದೇ ತಿಳಿಯಲಿಲ್ಲ. ಅದಕ್ಕೆ ಬೇಕಾದ ಪದಗಳೇ ನನ್ನ ಹತ್ತಿರ ಇರಲಿಲ್ಲ.

ಶನಿವಾರ ಬೆಳಿಗ್ಗೆ ಏಳೂವರೆ. ಮಗಳು ಡ್ಯೂಟಿಯಲ್ಲಿದ್ದಳು. ಅಜ್ಜಿ ನೀಲಿ ರೇಷ್ಮೆಯ ಉಡುಪು, ಮುತ್ತಿನ ಸರ ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿ ಟೆಲಿಫೋನಿನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದೆ. ಅಜ್ಜಿ ಫೋನನ್ನು ತೋರಿಸಿ "ಓಲ್ಯಾ" ಎಂದಳು.

ಓಲ್ಯಾ ಯಾರೆಂದು ನನಗೆ ಗೊತ್ತಿತ್ತು. ಗೋಡೆಯ ಮೇಲಿನ ಫೋಟೋದಲ್ಲಿ ಅಜ್ಜಿಯ ತೋಳು ಹಿಡಿದು ನಿಂತಿದ್ದ ತಂಗಿ. ಅಕ್ಕ ತಂಗಿ ಇಬ್ಬರೂ ಹುಟ್ಟಿದ್ದು ಚೀನಾದ ಹಾರ್ಬಿನ್‌ನಲ್ಲಿ. ಅವರಪ್ಪ ಅಲ್ಲಿ ರೈಲಿನ ಕೆಲಸಕ್ಕೆಂದು ಹೋಗಿದ್ದವನು. ಐವತ್ತರ ದಶಕದಲ್ಲಿ ಅಲ್ಲಿಂದ ರಷ್ಯನ್ನರೆಲ್ಲರೂ ಹೊರಡಬೇಕಾದಾಗ ತಂಗಿ ಗಂಡನ ಜೊತೆ ತಾನು ಕಾಣದ ತಾಯ್ನಾಡಿಗೆ ಹೋದಳು, ಅಕ್ಕ ಅಮೆರಿಕದ ಹಡಗು ಹತ್ತಿದಳು. ಆಮೇಲೆ ವರ್ಷಕ್ಕೊಂದೋ ಎರಡೋ ಕಾಗದ, ಅದೂ ಯಾರೋ ಒಡೆದು ಓದಿ ಅಂಟಿಸಿದ್ದು. ಈಗ ಅಲ್ಲಿನ ಸರ್ಕಾರದ ಬಿಗಿ ಸ್ವಲ್ಪ ಸಡಿಲವಾಗಿತ್ತು. ಸೈಬೀರಿಯದ ಓಮ್ಸ್ಕ್ ಪಟ್ಟಣದ ಅಂಚೆ ಕಚೇರಿಗೆ ಓಲ್ಯಾ ಬಂದು ಕಾಯುತ್ತಾಳೆ, ಆಪರೇಟರು ಲೈನು ಕೊಡುತ್ತಾನೆ. ಮೂವತ್ತು ಚಿಲ್ಲರೆ ವರ್ಷಗಳ ಮೇಲೆ ಮೊದಲ ಸಲ ದನಿ ಕೇಳುವುದು.

ಫೋನು ಬಡಿಯಿತು. ಅಜ್ಜಿ ಎತ್ತಿಕೊಂಡು ಬೆನ್ನು ಇನ್ನಷ್ಟು ನೆಟ್ಟಗೆ ಮಾಡಿ "ಓಲ್ಯಾ?" ಎಂದಳು. ಆಚೆಯಿಂದ ಏನೋ ಕೇಳಿಸಿತು. ಅಜ್ಜಿಯ ಬಾಯಿ ತೆರೆಯಿತು. ಮಾತು ಬರಲಿಲ್ಲ. ಇಡೀ ರಷ್ಯಕ್ಕೆ ರಷ್ಯನ್ ಕಲಿಸಬಲ್ಲವಳಿಗೆ ಒಂದು ಪದವೂ ಬರಲಿಲ್ಲ! ಆಚೆಯ ದನಿ "ಅಲ್ಲೋ? ಅಲ್ಲೋ?" ಎನ್ನುತ್ತಲೇ ಇತ್ತು. ಅಜ್ಜಿ ಫೋನನ್ನು ನನ್ನ ಕೈಗೆ ತುರುಕಿ ಮುಖ ಮುಚ್ಚಿಕೊಂಡಳು.

ನನಗೆ ಬರುತ್ತಿದ್ದದ್ದಾದರೂ ಏನು? ನೂರರವರೆಗೆ ಎಣಿಕೆ, ಬಣ್ಣಗಳು, ದೇಹದ ಭಾಗಗಳು, ಮನೆಯ ಸಾಮಾನು, ಹವಾಮಾನ. ಅಷ್ಟೇ.

"ಯಾರು ನೀವು? ನನ್ನಕ್ಕ ಎಲ್ಲಿ?"

"ಇಲ್ಲಿ. ಕುರ್ಚಿ," ಎಂದೆ.

"ಏನು ಮಾಡುತ್ತಿದ್ದಾಳೆ? ಯಾಕೆ ಮಾತಾಡುವುದಿಲ್ಲ?"

ಅಳು ಎನ್ನುವುದಕ್ಕೆ ಪದ ಗೊತ್ತಿರಲಿಲ್ಲ. "ಕಣ್ಣು," ಎಂದೆ. ಆಮೇಲೆ ಹವಾಮಾನದ ಪಾಠ ನೆನಪಾಯಿತು. "ಮಳೆ."

"ಇಲ್ಲೂ ಮಳೆ," ಎಂದಿತು ಆ ದನಿ. ಆಮೇಲೆ ನಿಧಾನವಾಗಿ, ಮಗುವಿಗೆ ಹೇಳುವಂತೆ ಒಂದೊಂದೇ ಪದ ಬಿಡಿಸಿ ಕೇಳಿತು: "ಅವಳ ಕೂದಲು ಬೆಳ್ಳಗಾಯಿತೇ?"

ಕೂದಲು, ಬಿಳಿ! ಎರಡೂ ಗೊತ್ತಿದ್ದ ಪದಗಳು! "ಕೂದಲು ಬಿಳಿ," ಎಂದೆ ಉತ್ಸಾಹದಿಂದ.

"ಒಂದೇ?"

"ಹೌದು, ಒಂದು!" ಎಂದೆ. ಎಣಿಕೆ ನನಗೆ ಚೆನ್ನಾಗಿ ಬರುತ್ತಿತ್ತಲ್ಲ.

ಆಚೆಯಿಂದ ನಗು ಕೇಳಿಸಿತು. ಸಣ್ಣ ಹುಡುಗಿಯ ನಗು. ಅದು ಫೋನಿನಿಂದಾಚೆಗೂ ಕೇಳಿಸಿರಬೇಕು, ಅಜ್ಜಿ ಮುಖದಿಂದ ಕೈ ತೆಗೆದಳು. ನನ್ನ ಕೈಯಿಂದ ಫೋನು ಕಿತ್ತುಕೊಂಡಳು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿದರು, ಒಟ್ಟಿಗೇ ಅತ್ತರು. ಏನು ಮಾತಾಡಿದರೋ, ನನಗೆ ತಿಳಿದದ್ದು ಇಷ್ಟೇ: ಊಟ ಮಾಡಿದೆಯಾ, ಚಳಿ ಇದೆಯಾ, ಕಾಲು ನೋಯುತ್ತದೆಯಾ. ಲೈನು ಕಡಿದುಹೋಯಿತು.

ಮಧ್ಯಾಹ್ನ ಚಿಕ್ಕಮ್ಮ ಕಾರು ತಂದಳು. ಕಟ್ಟಿದ ಸೂಟ್‌ಕೇಸು ಹಾಗೇ ಇತ್ತು. ನಾನು ಬರುವುದಿಲ್ಲ ಎಂದೆ. ಯಾಕೆಂದು ಅವಳು ಕೇಳಿದಳು. ನಾನು ಸೂಟ್‌ಕೇಸು ಬಿಚ್ಚಿ ತಳದಲ್ಲಿದ್ದ ಸ್ವೆಟರ್ ಹೊರಗೆ ತೆಗೆದೆ.

ಮುಂದಿನ ವಾರ ಕ್ಲಾಸಿನಲ್ಲಿ ಬಹುವಚನದ ಪಾಠ ಬಂತು. ರಷ್ಯನ್ನಿನಲ್ಲಿ ತಲೆಯ ಮೇಲಿನ ಕೂದಲನ್ನು ಬಹುವಚನದಲ್ಲೇ ಹೇಳಬೇಕಂತೆ. ನಾನು ಹೇಳಿದಂತೆ ಏಕವಚನದಲ್ಲಿ ಹೇಳಿದರೆ ಅರ್ಥ, ಒಂದು ಕೂದಲು ಮಾತ್ರ ಬಿಳಿ ಎಂದು. ಬಸ್ಸಿಳಿದವಳೇ ಮನೆಗೆ ಓಡಿ ಅಜ್ಜಿಯ ಮುಂದೆ ಹರಕು ರಷ್ಯನ್ನಿನಲ್ಲಿ, ಕೈಸನ್ನೆಯಲ್ಲಿ ತಪ್ಪೊಪ್ಪಿಕೊಂಡೆ. ಅಕ್ಕನ ತಲೆಯಲ್ಲಿ ಒಂದೇ ಒಂದು ಕೂದಲು ನರೆತಿದೆ ಎಂದು ಓಲ್ಯಾ ನಂಬಿದ್ದಾಳೆ, ಕಾಗದ ಬರೆದು ಸರಿಪಡಿಸೋಣ ಎಂದೆ.

"ನನಗೆ ಅವತ್ತೇ ಗೊತ್ತಾಯಿತು," ಎಂದಳು ಅಜ್ಜಿ. "ಓಲ್ಯಾ ಅದನ್ನೇ ಹೇಳಿ ಹೇಳಿ ನಕ್ಕಳು."

"ಮತ್ತೆ ಯಾಕೆ ತಿದ್ದಲಿಲ್ಲ?"

ಅಜ್ಜಿ ಒಳಗೆ ಹೋದಳು. ತಿರುಗಿ ಬಂದಾಗ ಮಗಳ ಕ್ಯಾಮೆರಾ ಕೈಯಲ್ಲಿತ್ತು. ಓಲ್ಯಾ ಫೋಟೋ ಕೇಳಿದ್ದಾಳಂತೆ. ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿಕೊಂಡು ಕೂತಳು. ತಲೆಗೆ ಹೂವಿನ ಸ್ಕಾರ್ಫನ್ನು ಬಿಗಿಯಾಗಿ ಕಟ್ಟಿಕೊಂಡು ಹೊರಗೆ ಬಿದ್ದಿದ್ದ ಕೂದಲನ್ನೆಲ್ಲ ಬೆರಳಿನಿಂದ ಒಳಗೆ ತಳ್ಳಿದಳು. ಕನ್ನಡಿ ನೋಡಿಕೊಂಡಳು. ಆಮೇಲೆ ಬಹಳ ಎಚ್ಚರದಿಂದ ಹಣೆಯ ಮೇಲಕ್ಕೆ ಒಂದೇ ಒಂದು ಬಿಳಿ ಕೂದಲನ್ನು ಹೊರಗೆಳೆದು ಬಿಟ್ಟುಕೊಂಡು, "ಹೂಂ, ಈಗ ತೆಗಿ," ಎಂದಳು.